ಗರಡಿ ಮಣ್ಣಿನ ಮೇಲೆ ಬಂದ ಅಪವಾದ

ಮೊನ್ನೆ ಹರಿಹರದಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ಸೊಸೆಯ ಜೊತೆ ಹೊಳೆ ಕಡೆಯ ಓಣಿಯಲ್ಲಿ ಬರುತ್ತಿದ್ದಾಗ ಮೂಗಿಗೊಂದು ವಾಸನೆ ಹೊಡೆಯಿತು. ಮಜ್ಜಿಗೆ, ಎಣ್ಣೆ, ಅರಿಶಿನ, ಬೇವಿನ ಸೊಪ್ಪು, ಅದರಡಿಯಲ್ಲಿ ಹಸಿ ಕೆಮ್ಮಣ್ಣು. ಗರಡಿಯಲ್ಲಿ ಹೊಸ ಮಣ್ಣು ಹದ ಮಾಡುತ್ತಿದ್ದರು. ನಾನು ನಿಂತುಬಿಟ್ಟೆ. ‘ಯಾಕ್ರೀ ಅತ್ತೆ, ಮುಖ ಕೆಂಪಗಾಗೈತೆ, ಬಿಪಿ ಏರ್ತೇನು?’ ಎಂದಳು ಸೊಸೆ. ‘ಬಿಪಿ ಅಲ್ಲವ್ವ, ಹಳೇ ಸಿಟ್ಟು’ ಎಂದೆ. ಅವಳು ನಕ್ಕಳು. ನಾನು ನಗಲಿಲ್ಲ.

ನನ್ನ ಸ್ವಭಾವ ಮೊದಲೇ ಹೇಳಿಬಿಡುತ್ತೇನೆ. ನಾನು ಮರೆಯುವವಳಲ್ಲ. ‘ಹೋಗ್ಲಿ ಬಿಡು ಗೌರಕ್ಕ’ ಎಂದು ಯಾರಾದರೂ ಅಂದರೆ ಅವರನ್ನೂ ಒಂದು ಕೈ ನೋಡಿಕೊಳ್ಳುವವಳು. ನನ್ನ ಗಂಡ ದಾವಣಗೆರೆಯ ಹತ್ತಿ ಗಿರಣಿಯಲ್ಲಿದ್ದರು, ನಾನು ಮಂಡಕ್ಕಿ ಭಟ್ಟಿಯಲ್ಲಿದ್ದೆ. ಬೆಂಕಿಯ ಮುಂದೆ ಕೂತು ಕೂತು ನಾಲಿಗೆಗೂ ಕಾವು ಬಂದಿತ್ತು. ಅಪ್ಪ ಅವ್ವ ಬೇಗ ಹೋದ ಮೇಲೆ ತಮ್ಮ ಹಾಲೇಶಿಯನ್ನು ಎತ್ತಿ ಆಡಿಸಿ ಬೆಳೆಸಿದವಳು ನಾನು. ನನ್ನ ಮದುವೆಯಾದ ಮೇಲೆ ಅವನು ಹರಿಹರದ ನನ್ನ ತವರುಮನೆಯಲ್ಲೇ ಉಳಿದ. ಅವನಿಗೆ ಕುಸ್ತಿ ಕಲಿಸಿ, ಹಾಲು ಕುಡಿಸಿ, ಬೈದು ಬಡಿದು ಗಟ್ಟಿ ಮಾಡಿದವರು ಗರಡಿಯ ಗುರು ಕೆಂಚಪ್ಪ. ಎಲ್ಲರೂ ಅವರನ್ನು ವಸ್ತಾದಿ ಎನ್ನುತ್ತಿದ್ದರು.

ಆ ಗರಡಿಯ ಮಣ್ಣು ವಸ್ತಾದಿಯ ಅಜ್ಜನ ಕಾಲದ್ದು. ವರ್ಷ ವರ್ಷ ಅದಕ್ಕೆ ಹೊಸ ಮಣ್ಣು ಸೇರಿಸುತ್ತಿದ್ದರೇ ಹೊರತು ಹಳೆಯದನ್ನು ಎಂದೂ ಹೊರಗೆ ಹಾಕಿದವರಲ್ಲ. ಕಣಕ್ಕಿಳಿಯುವ ಮುಂಚೆ ಹಣೆಗೆ ಆ ಮಣ್ಣು, ಜ್ವರ ಬಂದು ಮಲಗಿದರೂ ಹಣೆಗೆ ಆ ಮಣ್ಣು. ಮದುವೆಯಾದ ಶಿಷ್ಯ ಹೆಂಡತಿಯನ್ನು ಬಾಗಿಲಿಗೆ ಕರೆತಂದರೆ ಇಬ್ಬರ ಹಣೆಗೂ ಇಡುತ್ತಿದ್ದರು. ಹೆಂಗಸರು ಹೊಸ್ತಿಲು ದಾಟುವಂತಿರಲಿಲ್ಲ. ಇನ್ನೊಂದು ಕಟ್ಟಳೆಯೂ ಇತ್ತು: ಕಣಕ್ಕೆ ಕಾಲಿಟ್ಟವನು ಯಾರೇ ಇರಲಿ, ಎದುರಿನವನ ಕೈ ಹಿಡಿಯದೆ ಮನೆಗೆ ಹೋಗಬಾರದು.

ಐವತ್ತರ ದಶಕ ಮುಗಿಯುತ್ತಿದ್ದ ಒಂದು ಆಷಾಢ. ನಮ್ಮ ಸೀಮೆಗೆ ಅಪರೂಪವೆನ್ನುವ ಹಾಗೆ ಮಳೆ ಹಿಡಿದು ಕೂತಿತ್ತು. ಹರಿಹರದಲ್ಲಿ ತುಂಗಭದ್ರೆ ಮೆಟ್ಟಿಲುಗಳನ್ನು ನುಂಗಿ ಕೆಂಪಗೆ ಹರಿಯುತ್ತಿದ್ದಳು. ದಾವಣಗೆರೆಯಲ್ಲಿ ಭಟ್ಟಿಗೆ ತರುವ ಹೊಟ್ಟೆಲ್ಲ ತೇವವಾಗಿ, ಉರಿ ಹತ್ತದೆ ಬರೀ ಹೊಗೆ. ಅಂಥದ್ದರಲ್ಲಿ ಹಾಲೇಶಿ ಗರಡಿಯಲ್ಲಿ ಸಾಮು ಮಾಡುತ್ತಿದ್ದವನು ಹೊಟ್ಟೆ ಹಿಡಿದು ಕುಸಿದ. ವಸ್ತಾದಿಯೇ ರೈಲು ಹತ್ತಿಸಿ ದಾವಣಗೆರೆಯ ಆಸ್ಪತ್ರೆಗೆ ಕರೆತಂದರು. ಅಪೆಂಡಿಕ್ಸ್ ಎಂದರು, ಅಂದೇ ಕೊಯ್ದರು. ಆಪರೇಶನ್ ಚೆನ್ನಾಗಿಯೇ ಆಯಿತು. ಇದನ್ನು ಹೇಳದಿದ್ದರೆ ನನ್ನ ಬಾಯಿಗೆ ಹುಳ ಬೀಳುತ್ತದೆ. ದೊಡ್ಡ ಡಾಕ್ಟರದು ಪಳಗಿದ ಕೈ.

ಆ ದೊಡ್ಡ ಡಾಕ್ಟರು ಎತ್ತರದ ಆಳು. ಮಳೆಗಾಲದಲ್ಲೂ ಇಸ್ತ್ರಿ ಕೆಡದ ಬಟ್ಟೆ. ಕುತ್ತಿಗೆಯ ಹಿಂದೆ ಕಾಲರಿನ ಅಂಚಿಗೆ ಯಾವಾಗಲೂ ಒಂದು ಬಿಳಿ ಪ್ಲಾಸ್ಟರು. ಅಲ್ಲೊಂದು ಕುರು. ಒಂದು ವಾಸಿಯಾದರೆ ಪಕ್ಕದಲ್ಲಿ ಇನ್ನೊಂದು ಏಳುತ್ತಿತ್ತಂತೆ. ಯೋಚನೆ ಮಾಡುವಾಗ ಆ ಪ್ಲಾಸ್ಟರನ್ನು ಬೆರಳಿನಿಂದ ಸವರಿಕೊಳ್ಳುವುದು ಅವರ ಅಭ್ಯಾಸ. ಸವರಿಕೊಂಡು, ಅದೇ ಕೈಯಲ್ಲಿ ಒಬ್ಬೊಬ್ಬರ ಗಾಯದ ಬಟ್ಟೆ ಎತ್ತಿ ನೋಡಿ ಮುಂದಿನ ಮಂಚಕ್ಕೆ ಹೋಗುತ್ತಿದ್ದರು. ನಾವೆಲ್ಲ ಕೈ ಮುಗಿದು ನಿಲ್ಲುತ್ತಿದ್ದೆವು. ಆಗ ಅದರಲ್ಲಿ ನನಗೆ ಏನೂ ತಪ್ಪು ಕಾಣಿಸಿರಲಿಲ್ಲ.

ಆಪರೇಶನ್ನಿನ ಮರುದಿನ ವಸ್ತಾದಿ ಮುತ್ತುಗದ ಎಲೆಯಲ್ಲಿ ಗರಡಿ ಮಣ್ಣು ಕಟ್ಟಿಕೊಂಡು ಬಂದರು. ಒಂದು ಚಿಟಿಕೆ ಹಾಲೇಶಿಯ ಹಣೆಗಿಟ್ಟು, ಉಳಿದದ್ದನ್ನು ನನ್ನ ಕೈಗೆ ಕೊಟ್ಟರು. ‘ತಂಗೀ, ದೇವರ ಗೂಡಿನಾಗ ಇಡು. ಹಣೆಗಷ್ಟೇ ಹಚ್ಚು, ಗಾಯದ ಹತ್ರ ಒಯ್ಯಬ್ಯಾಡ’ ಎಂದರು. ನಾನು ಹಾಗೆಯೇ ಮಾಡಿದೆ.

ಅದಾದ ಸ್ವಲ್ಪ ದಿನಕ್ಕೆ ಹಾಲೇಶಿಗೆ ಜ್ವರ ಬಂತು. ಹೊಲಿಗೆಯ ಸುತ್ತ ಕೆಂಪೇರಿ, ಊದಿ, ಕೀವು ಒಸರತೊಡಗಿತು. ‘ಯಕ್ಕಾ, ಒಳಗ ಕೆಂಡ ಇಟ್ಟಂಗಾಗತೈತೆ’ ಎಂದು ನನ್ನ ಕೈ ಹಿಚುಕುತ್ತಿದ್ದ. ಪೆನ್ಸಿಲಿನ್ ಚುಚ್ಚಿದರು, ಮತ್ತೆ ಚುಚ್ಚಿದರು, ಜ್ವರ ಜಗ್ಗಲಿಲ್ಲ. ನಾನು ಕೀವು ಒರೆಸುತ್ತಾ ಅದಕ್ಕೆ ಬಾಯಿಗೆ ಬಂದಂತೆ ಶಾಪ ಹಾಕುತ್ತಿದ್ದೆ. ನಿನ್ನ ಮನೆ ಹಾಳಾಗ, ನಿನ್ನ ಸಂತಾನ ಅಳಿಯ, ನನ್ನ ತಮ್ಮನ ಹೊಟ್ಟೆಯೇ ಬೇಕಾಗಿತ್ತೇ ನಿನಗೆ ಎಂದು.

ಆ ಹೊತ್ತಿಗೆ ಸುತ್ತು ಬಂದ ದೊಡ್ಡ ಡಾಕ್ಟರ ಕಣ್ಣು ಅವನ ಹಣೆಗೆ ಬಿತ್ತು.

‘ಏನಿದು? ಮಣ್ಣಾ? ಆಪರೇಶನ್ ಆದವನಿಗೆ ಮಣ್ಣು ಹಚ್ಚಿದೀಯಾ?’

‘ಹಣೆಗಷ್ಟೇರಿ, ಗರಡಿ ಮಣ್ಣು. ಗಾಯಕ್ಕ ಮುಟ್ಟಿಸಿಲ್ರೀ.’

‘ಸುಳ್ಳು ಬೇರೆ. ನಾನು ಕೊಯ್ದು ಬದುಕಿಸಿದೆ, ನೀನು ಮಣ್ಣು ಹಾಕಿ ಕೊಲ್ತಾ ಇದೀಯ. ಸಿಸ್ಟರ್, ಈ ಹೆಂಗಸನ್ನ ಇನ್ನು ಒಳಗೆ ಬಿಡಬೇಡಿ.’

ಇಡೀ ವಾರ್ಡು ನನ್ನನ್ನು ನೋಡಿತು. ತಮ್ಮನನ್ನು ಕೊಲ್ಲಲು ಬಂದ ಅಕ್ಕ! ಹೊರಗಿನ ಜಗಲಿಯಲ್ಲಿ ಬಂದು ಕೂತೆ.

ಸುದ್ದಿ ಹರಿಹರ ಮುಟ್ಟಿತು. ಕೆಟ್ಟ ಸುದ್ದಿಗೆ ಟಿಕೆಟ್ಟು ಬೇಕೇ? ವಸ್ತಾದಿ ಬುಟ್ಟಿ ಹಿಡಿದು ಗರಡಿಗಿಳಿದು, ಮಣ್ಣು ತುಂಬಿ ತುಂಬಿ ತಲೆ ಮೇಲೆ ಹೊತ್ತು, ಆ ಮಳೆಯಲ್ಲಿ ತುಂಬಿದ ಹೊಳೆಗೆ ಸುರಿದರಂತೆ. ಶಿಷ್ಯರು ಕೈ ಹಿಡಿಯಲು ಹೋದರೆ, ‘ನನ್ನ ಮಣ್ಣೇ ನನ್ನ ಹುಡುಗನ್ನ ತಿಂತೈತೆ ಅಂದ್ರ, ಆ ಮಣ್ಣು ನನಗ್ಯಾಕ?’ ಎಂದರಂತೆ. ನೆಲ ಕಾಣುವವರೆಗೆ ಹೊತ್ತು, ಬಾಗಿಲಿಗೆ ಬೀಗ ಹಾಕಿದರು. ಒಬ್ಬ ಶಿಷ್ಯ ಬಂದು ಇದನ್ನು ಹೇಳುತ್ತಾ ಮಗುವಿನ ಹಾಗೆ ಅತ್ತ. ನಾನು ಅಳಲಿಲ್ಲ. ಆ ಡಾಕ್ಟರ ಬಾಯಿಂದಲೇ ಇದಕ್ಕೆ ಉತ್ತರ ಹೇಳಿಸದಿದ್ದರೆ ನಾನು ಗೌರಿಯೇ ಅಲ್ಲ ಎಂದುಕೊಂಡೆ. ಭಟ್ಟಿಯ ಬಾಯಿಗೆ ಹೊಟ್ಟು ತಳ್ಳುವಾಗೆಲ್ಲ ಆ ಇಸ್ತ್ರಿ ಬಟ್ಟೆಯೇ ಕಣ್ಣಿಗೆ ಕಟ್ಟುತ್ತಿತ್ತು.

ಹಾಲೇಶಿಯ ಪಕ್ಕದ ಮಂಚದಲ್ಲಿ ಲೋಕಿಕೆರೆಯ ರುದ್ರಪ್ಪ ಇದ್ದ. ಗಾಡಿಯಿಂದ ಬಿದ್ದು ಕಾಲಿನ ಎಲುಬು ಹೊರಗೆ ಬಂದಿತ್ತು. ಅವನ ಹೆಂಡತಿ ಹನುಮಕ್ಕ ಬಡಪಾಯಿ, ಮೆದು ಮಾತಿನವಳು. ನನ್ನನ್ನು ಹೊರಹಾಕಿದ ಮೇಲೆ ನನ್ನ ತಮ್ಮನಿಗೆ ಗಂಜಿ ಕುಡಿಸುತ್ತಿದ್ದವಳು ಅವಳೇ. ಒಂದು ದಿನ ಜಗಲಿಗೆ ಬಂದು, ‘ಯಕ್ಕಾ, ನಮ್ಮನೆಯೋರ ಕಾಲಾಗೂ ಅಂಥದ್ದೇ ಕೀವು ಬಂದೈತೆ. ಆ ಮೂಲಿ ಮಂಚದ ಮೇಷ್ಟ್ರಿಗೂ ಬಂದೈತಂತೆ. ನಾವ್ಯಾರೂ ಮಣ್ಣು ಹಚ್ಚಿಲ್ಲಲ್ಲ?’ ಎಂದಳು.

ಅವಳ ಮಾತು ಇನ್ನೊಬ್ಬರ ಕಿವಿಗೂ ಬಿತ್ತು. ಆಸ್ಪತ್ರೆಯ ಲ್ಯಾಬಿಗೆ ಹೊಸದಾಗಿ ಬಂದಿದ್ದ ಡಾಕ್ಟರಮ್ಮ, ಸರೋಜಾ ಎಂದು ಹೆಸರು. ಮೈಸೂರು ಕಡೆಯವರು, ಸಣ್ಣ ದನಿ. ‘ನೀವು ಹಾಲೇಶಪ್ಪನ ಅಕ್ಕ ಅಲ್ವಾ? ಬನ್ನಿ ನನ್ನ ಜೊತೆ’ ಎಂದು ಕರೆದುಕೊಂಡು ಹೋದರು. ಅಂದು ಬೆಳಿಗ್ಗೆ ತೆಗೆದ ಹಾಲೇಶಿಯ ಕೀವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟಿದ್ದರು. ಒಂದು ಕಣ್ಣು ಮುಚ್ಚಿ ನೋಡಿ ಎಂದರು. ಮೊದಲು ನನ್ನ ರೆಪ್ಪೆಯೇ ಕಂಡಿತು. ಆಮೇಲೆ ತಿಳಿ ಗುಲಾಬಿ ಬಣ್ಣದ ದುಂಡು ದುಂಡು ಆಕಾರಗಳು, ಅವುಗಳ ನಡುವೆ ದ್ರಾಕ್ಷಿ ಗೊಂಚಲಿನಂತೆ ನೇರಳೆ ಚುಕ್ಕೆಗಳು. ಕೆಲವು ದುಂಡುಗಳ ಹೊಟ್ಟೆಯೊಳಗೂ ಆ ಚುಕ್ಕೆಗಳಿದ್ದವು.

‘ಚುಕ್ಕೆಗಳೇ ಕ್ರಿಮಿ. ದುಂಡಗಿರೋದು ನಿಮ್ಮ ತಮ್ಮನ ರಕ್ತದ ಬಿಳಿ ಕಣ. ಎಲ್ಲಿ ಕ್ರಿಮಿ ಹೊಕ್ಕಿದೆ ಅಂತ ಜಾಡು ಹಿಡಿದು, ರಕ್ತನಾಳದ ಗೋಡೆ ಸಂದಿಯಲ್ಲಿ ನುಸುಳಿ ಬರುತ್ವೆ. ಬಂದು ಕ್ರಿಮಿಯನ್ನ ಜೀವಂತ ನುಂಗಿ, ಒಳಗೇ ಅರಗಿಸಿ ಸಾಯಿಸುತ್ವೆ. ನೋಡಿ, ನುಂಗಿದೆ.’

‘ನುಂಗು, ಬಿಡಬ್ಯಾಡ! ಒಂದೂ ಉಳಿಸಬ್ಯಾಡ!’ ಎಂದು ನಾನು ಆ ಯಂತ್ರದೊಳಕ್ಕೇ ಕೂಗಿದೆನಂತೆ. ಡಾಕ್ಟರಮ್ಮ ಆಮೇಲೆ ಎಷ್ಟೋ ಸಲ ಹೇಳಿ ನಕ್ಕಿದ್ದಾರೆ.

‘ಆದರೆ ಈ ಕ್ರಿಮಿಯೂ ಕಿಲಾಡಿ ಗೌರಮ್ಮ. ವಿಷ ಬಿಟ್ಟು ಬಿಳಿ ಕಣವನ್ನೇ ಒಡೆಯುತ್ತೆ. ಸುತ್ತ ರಕ್ತ ಹೆಪ್ಪುಗಟ್ಟಿಸಿ ಗೋಡೆ ಕಟ್ಟಿಕೊಂಡು ಕೂರುತ್ತೆ. ಮೇಲಾಗಿ ಇದು ಆಸ್ಪತ್ರೆಯಲ್ಲೇ ಬಲಿತ ಜಾತಿ. ದಿನಾ ಪೆನ್ಸಿಲಿನ್ ನೋಡಿ ನೋಡಿ, ಅದಕ್ಕೆ ಸಾಯದೆ ಉಳಿದದ್ದರ ಸಂತಾನ. ಬೇರೆ ಔಷಧ ಬೆಂಗಳೂರಿಂದ ಬರಬೇಕು, ಬರೆದಿದೀನಿ. ಅಲ್ಲೀವರೆಗೆ ನಿಮ್ಮ ತಮ್ಮನಿಗೆ ಈ ಬಿಳಿ ಕಣಗಳೇ ಗತಿ.’

‘ಹಂಗಾದ್ರ ಈ ಕೀವು ಅಂದ್ರೇನ್ರೀ? ಕ್ರಿಮಿಯ ಹೇಲಾ?’

‘ಅಲ್ಲಮ್ಮ. ಕೀವಿನಲ್ಲಿ ಹೆಚ್ಚು ಇರೋದು ಹೋರಾಡಿ ಸತ್ತ ಬಿಳಿ ಕಣಗಳೇ.’

ಇಷ್ಟು ದಿನ ನಾನು ಶಪಿಸಿ, ಒರೆಸಿ, ಬೆಂಕಿಗೆ ಹಾಕಿದ್ದು ನನ್ನ ತಮ್ಮನ ಕಡೆಯವರ ಹೆಣಗಳನ್ನು. ಅವನಿಗಾಗಿ ಒಳಗೆ ಸಾಯುತ್ತಿದ್ದವರಿಗೆ ನಾನು ಹೊರಗಿಂದ ನಿಮ್ಮ ಸಂತಾನ ಅಳಿಯಲಿ ಎನ್ನುತ್ತಿದ್ದೆ. ಕಣ್ಣೊರೆಸಿಕೊಂಡು ಕೇಳಿದೆ: ‘ಈ ಕ್ರಿಮಿ ತಂದೋರ್ಯಾರು ಹೇಳ್ರಿ ಡಾಕ್ಟ್ರಮ್ಮ. ಮಣ್ಣಾ?’

‘ಮಣ್ಣಲ್ಲ ಅನ್ಸುತ್ತೆ. ಇದು ಮನುಷ್ಯರ ಮೂಗಲ್ಲಿ, ಚರ್ಮದಲ್ಲಿ ಇರೋದು. ಕೈಯಿಂದ ಗಾಯಕ್ಕೆ ಹೋಗುತ್ತೆ. ಆದರೆ ನೋಡದೆ ಹೇಳಲ್ಲ.’

ಮರುದಿನ ಡಾಕ್ಟರಮ್ಮ ದೊಡ್ಡ ಡಾಕ್ಟರ ಮುಂದೆ ವಾರ್ಡಿನ ಬಾಗಿಲಲ್ಲೇ ವಿಷಯ ತೆಗೆದರು. ಎಲ್ಲರ ಗಾಯದಲ್ಲೂ ಒಂದೇ ಕ್ರಿಮಿ ಇದೆ ಎಂದರು. ಆತ ಪ್ಲಾಸ್ಟರು ಸವರಿಕೊಂಡು, ‘ಸರಿಯೇ. ಮಣ್ಣಿಂದ ಪೈಲ್ವಾನನಿಗೆ ಬಂತು, ಪೈಲ್ವಾನನಿಂದ ಮಿಕ್ಕವರಿಗೆ ಹೋಯ್ತು’ ಎಂದುಬಿಟ್ಟರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈಗ ರುದ್ರಪ್ಪನ ಕಾಲೂ ನನ್ನ ತಮ್ಮನ ತಲೆಗೇ ಬಂತು! ಜಗಲಿಯಿಂದ ಎದ್ದು ಬಂದೆ. ಸಿಸ್ಟರು ತಡೆದರೂ ನಿಲ್ಲಲಿಲ್ಲ.

‘ಆ ಮಣ್ಣು ನನ್ನ ದೇವರ ಗೂಡಿನಾಗೈತೆ, ತರ್ತೀನಿ. ಪರೀಕ್ಷೆ ಮಾಡ್ಸಿ. ಈ ಕ್ರಿಮಿ ಅದರಾಗ ಸಿಕ್ರ, ಎಲ್ಲಾರ ಮುಂದ ನಿಮ್ಮ ಕಾಲಿಗೆ ಬೀಳ್ತೀನಿ. ಸಿಗಲಿಲ್ಲಂದ್ರ ನೀವು ಹರಿಹರಕ್ಕ ಬಂದು, ಬರಿಗಾಲಾಗ ಗರಡಿಗಿಳಿದು, ಆ ಮಣ್ಣು ಹಣೆಗೆ ಹಚ್ಕೋಬೇಕು. ಒಪ್ತೀರೇನು?’

ಆತ ನಕ್ಕರು. ‘ಆಗಲಿ. ಸರೋಜಾ, ಇವಳ ಮಣ್ಣೂ ನೋಡಿ. ಬೇಕಾದ್ರೆ ನನ್ನ ಮೂಗೂ, ಈ ಕುರೂ ನೋಡಿ. ಒಟ್ಟಿನಲ್ಲಿ ಇವಳ ಬಾಯಿ ಮುಚ್ಚಲಿ.’

ಮಾತು ಕೊಟ್ಟದ್ದನ್ನು ವಾರ್ಡಿಗೆ ವಾರ್ಡೇ ಕೇಳಿತು. ನನಗೆ ಅಷ್ಟು ಸಾಕಾಗಿತ್ತು.

ಪರೀಕ್ಷೆಯ ಫಲ ಬರುವ ಮೊದಲೇ ರುದ್ರಪ್ಪ ಸತ್ತ. ಕಾಲಿನ ವಿಷ ರಕ್ತಕ್ಕೇರಿತ್ತು. ಅವನ ಬಿಳಿ ಕಣಗಳು ಸೋತವು, ಬೆಂಗಳೂರಿನ ಔಷಧ ಇನ್ನೂ ಬಂದಿರಲಿಲ್ಲ. ಜಿನುಗುವ ಮಳೆಯಲ್ಲಿ ಹೆಣವನ್ನು ಗಾಡಿಗೆ ಹಾಕಿ ತಾಡಪಾಲು ಹೊದಿಸಿದರು. ಹನುಮಕ್ಕ ಗಾಡಿ ಹತ್ತುವ ಮುಂಚೆ ನನ್ನ ಹತ್ತಿರ ಬಂದಳು. ‘ಯಕ್ಕಾ, ದೊಡ್ಡ ಡಾಕ್ಟ್ರು ಹೇಳಿದ್ರು, ನಿಮ್ಮ ತಮ್ಮನ ಗಾಯದಿಂದ್ಲೇ ಇವರಿಗೆ ಬಂತಂತ. ಹೌದೇನು?’ ಎಂದಳು. ಬೈಯಲಿಲ್ಲ, ಶಪಿಸಲಿಲ್ಲ, ಸುಮ್ಮನೆ ಕೇಳಿದಳು. ‘ಅಲ್ಲವ್ವ’ ಎಂದೆ. ನನ್ನ ದನಿ ನನಗೇ ನಂಬಿಕೆ ಬರುವಂತಿರಲಿಲ್ಲ. ಅವಳು ತಲೆಯಾಡಿಸಿ ಹೋದಳು. ನನ್ನ ತಮ್ಮನಿಗೆ ಗಂಜಿ ಕುಡಿಸಿದ ಕೈ ಅದು. ಆ ಡಾಕ್ಟರ ಮೇಲೆ ನನಗಿದ್ದ ಸಿಟ್ಟು ಆವತ್ತು ಗಟ್ಟಿಯಾಯಿತು. ಅದು ಇನ್ನೂ ಕರಗಿಲ್ಲ.

ಫಲ ಬಂದಾಗ ಸರೋಜಮ್ಮ ನನ್ನನ್ನು ಕರೆದು ಕ್ರಿಮಿ ಬೆಳೆಸಿದ ಗಾಜಿನ ತಟ್ಟೆಗಳನ್ನು ತೋರಿಸಿದರು. ಹಾಲೇಶಿಯ ಕೀವಿನ ತಟ್ಟೆಯಲ್ಲಿ ಹಳೇ ಜರಿಯ ಬಂಗಾರದ ಬಣ್ಣದ ಹನಿಗಳು ಬೆಳೆದಿದ್ದವು. ರುದ್ರಪ್ಪನದರಲ್ಲೂ ಅವೇ. ಮಣ್ಣಿನ ತಟ್ಟೆಯಲ್ಲಿ ಬೂದು, ಬಿಳಿ ಏನೇನೋ ಬೆಳೆದಿತ್ತು, ಆ ಬಂಗಾರದ್ದು ಮಾತ್ರ ಇರಲಿಲ್ಲ. ಕೊನೆಗೆ ಎರಡು ತಟ್ಟೆ ಮುಂದಿಟ್ಟರು. ಒಂದು ದೊಡ್ಡ ಡಾಕ್ಟರ ಮೂಗಿನದು, ಇನ್ನೊಂದು ಅವರ ಕುತ್ತಿಗೆಯ ಕುರುವಿನದು. ಎರಡರಲ್ಲೂ ಬಂಗಾರ.

‘ಇಂಥದ್ದು ಎಷ್ಟೋ ಜನರ ಮೂಗಲ್ಲಿ ಇರುತ್ತೆ. ಆದರೆ ಪೆನ್ಸಿಲಿನ್‌ಗೆ ಜಗ್ಗದ ಈ ಜಾತಿ, ಆ ಗಾಯಗಳದ್ದೂ ಇವರದ್ದೂ ಒಂದೇ. ಮೊದಲು ಇವರಿಗೆ ಯಾರಿಂದ ಬಂತೋ ಗೊತ್ತಿಲ್ಲ. ಮಂಚದಿಂದ ಮಂಚಕ್ಕೆ ಹೋದದ್ದು ಇವರ ಕೈಯಲ್ಲಿ. ನಾನೀಗ ಇದನ್ನ ಅವರಿಗೆ ಹೇಳಬೇಕು’ ಎಂದರು. ಅವರ ಮುಖ ಬಿಳಿಚಿತ್ತು.

‘ನೀವ್ಯಾಕ ಹೆದರ್ತೀರಿ, ನಾನ್ ಹೇಳ್ತೀನಿ ಬಿಡ್ರಿ!’

‘ಬೇಡ. ಇದು ನನ್ನ ಕೆಲಸ. ಇನ್ನೊಂದು ಮಾತು, ಮಣ್ಣು ಗೆದ್ದಿತು ಅಂತ ಗಾಯಕ್ಕೆ ಹಚ್ಚೀರಿ! ಧನುರ್ವಾಯು ಬರುತ್ತೆ. ಹಣೆಯಲ್ಲೇ ಇರಲಿ.’

ಅವರು ಕದ ಮುಚ್ಚಿಕೊಂಡು ಹೇಳಿದರು. ದೊಡ್ಡ ಡಾಕ್ಟರು ಹೊರಗೆ ಬಂದವರು ಯಾರನ್ನೂ ನೋಡದೆ ನಡೆದರು. ಕೈ ತನ್ನಷ್ಟಕ್ಕೆ ಕುತ್ತಿಗೆಗೆ ಹೋಗಿ, ಅಲ್ಲಿ ಮುಟ್ಟದೆ ಕೆಳಗಿಳಿಯಿತು. ಮರುದಿನದಿಂದ ರಜೆ. ಅವರ ಜಾಗಕ್ಕೆ ಬಂದ ಡಾಕ್ಟರು ಹಾಲೇಶಿಯ ಗಾಯ ಬಿಚ್ಚಿ, ಗೋಡೆ ಕಟ್ಟಿಕೊಂಡು ಕೂತಿದ್ದ ಕೀವನ್ನೆಲ್ಲ ಹರಿಯಬಿಟ್ಟರು. ಹೊಸ ಔಷಧವೂ ಬಂತು. ನನ್ನನ್ನು ಮತ್ತೆ ಒಳಗೆ ಬಿಟ್ಟರು, ಕೈ ತೊಳೆಸಿ. ನಾನು ಕೀವು ಒರೆಸಿದೆ, ಶಪಿಸಲಿಲ್ಲ. ‘ಹೋಗಿ ಬರ್ರಪ್ಪ, ನಿಮ್ಮ ಋಣ ದೊಡ್ಡದು’ ಎಂದೆ. ‘ಯಾರ ಜೊತಿ ಮಾತಾಡ್ತಿಯಕ್ಕ?’ ಎಂದು ಹಾಲೇಶಿ ಬಹಳ ದಿನಗಳ ಮೇಲೆ ಕಣ್ಣು ಪೂರ್ತಿ ತೆರೆದು ಕೇಳಿದ. ಅವನು ಬದುಕಿದ. ಆದರೆ ಹೊಟ್ಟೆಯ ಸ್ನಾಯು ಕೂಡಿಕೊಳ್ಳಲಿಲ್ಲ. ಇನ್ನು ಕುಸ್ತಿ ಆಡುವ ಹಾಗಿಲ್ಲ ಎಂದರು. ಅದನ್ನು ಕೇಳಿ ಅವನು ಗೋಡೆ ಕಡೆ ಹೊರಳಿದ.

ಮಳೆ ನಿಂತಿತು. ನಾನು ಕೊಕ್ಕನೂರಿನ ನೆಂಟರಿಗೆ ಹೇಳಿ ಗಾಡಿಗಟ್ಟಲೆ ಕೆಮ್ಮಣ್ಣು ತರಿಸಿ ಗರಡಿ ಬಾಗಿಲಿಗೆ ಸುರಿಸಿದೆ. ‘ವಸ್ತಾದ್ರೇ, ಬೀಗ ತೆಗೀರಿ. ಮಣ್ಣಿನ ತಪ್ಪಲ್ಲ ಅಂತ ಗೊತ್ತಾತಲ್ಲ’ ಎಂದೆ. ಅವರು ಹೊಳೆಯನ್ನು ನೋಡುತ್ತಾ, ‘ಹಳೇದು ಹೋತಲ್ಲ ತಂಗಿ’ ಎಂದರು. ನನ್ನ ಗೂಡಿನಲ್ಲಿ ಉಳಿದಿದ್ದ ಹಿಡಿ ಮಣ್ಣನ್ನು ಕೊಟ್ಟಾಗ ಕಣ್ಣಿಗೊತ್ತಿಕೊಂಡರು. ಅದೇ ಹೆಪ್ಪಾಯಿತು ಹೊಸ ಮಣ್ಣಿಗೆ.

ಡಾಕ್ಟರು ಬರಲಿಲ್ಲ. ವಸ್ತಾದಿ ‘ಬಿಡವ್ವ, ದೊಡ್ಡೋರು’ ಎಂದರು. ನಾನು ಬಿಡುತ್ತೇನೆಯೇ? ಅವರಿಗೆ ತಿಳಿಸದೆ ಪೈಲ್ವಾನರಿಗೆ ಹೇಳಿದೆ. ವಾರವಾರ ಇಬ್ಬರು ಕಟ್ಟಾಳುಗಳು ದಾವಣಗೆರೆಗೆ ಬಂದು ಡಾಕ್ಟರ ಮನೆ ಗೇಟಿನ ಮುಂದೆ ಮುತ್ತುಗದ ಎಲೆಯಲ್ಲಿ ಮಣ್ಣು ಹಿಡಿದು ನಿಲ್ಲುವುದು. ಕೂಗುವುದಿಲ್ಲ, ಬೈಯುವುದಿಲ್ಲ. ಯಾರಾದರೂ ಕೇಳಿದರೆ, ‘ಸಾಹೇಬ್ರು ಮಾತು ಕೊಟ್ಟಾರ್ರೀ, ಅದಕ್ಕ ಬಂದೀವಿ’ ಎನ್ನುವುದು. ಓಣಿಯೆಲ್ಲ ಕೇಳಿತು. ಸಂತೋಷದಿಂದ ನನಗೆ ಆಗ ಊಟ ಚೆನ್ನಾಗಿ ಸೇರುತ್ತಿತ್ತು.

ದೀಪಾವಳಿ ಕಳೆದು ಕುಸ್ತಿ ಶುರುವಾಗುವ ದಿನ, ಬೆಳಿಗ್ಗೆ, ಅವರು ಬಂದರು. ಒಬ್ಬರೇ. ಕುತ್ತಿಗೆಯಲ್ಲಿ ಪ್ಲಾಸ್ಟರು ಇರಲಿಲ್ಲ, ಮೈ ಇಳಿದಿತ್ತು. ವಸ್ತಾದಿ ಗಡಬಡಿಸಿ, ‘ಬರ್ರಿ, ಕೂಡ್ರಿ’ ಎಂದು ಕುರ್ಚಿ ತರಿಸಲು ಹೋದರು. ‘ಕುರ್ಚಿ ಬ್ಯಾಡ. ಬೂಟು ಬಿಚ್ಚಲಿ’ ಎಂದೆ ಹೊಸ್ತಿಲ ಹೊರಗಿಂದ. ಬಿಚ್ಚಿದರು. ಕಣಕ್ಕಿಳಿದು, ಬಗ್ಗಿ ಮಣ್ಣು ತೆಗೆದು ಹಣೆಗೆ ಹಚ್ಚಿಕೊಂಡರು. ‘ತಪ್ಪು ಮಣ್ಣಿನದಲ್ಲ, ನನ್ನದು’ ಎಂದರು. ಗರಡಿ ತುಂಬಾ ಇದ್ದ ಜನ ಕೇಳಿದರು.

ಇಷ್ಟಕ್ಕೇ ಕಾದಿದ್ದೆ. ಇಷ್ಟಾದ ಮೇಲೂ ನನ್ನ ಹೊಟ್ಟೆ ತಣ್ಣಗಾಗಲಿಲ್ಲ.

ಕಟ್ಟಳೆ ಇತ್ತಲ್ಲ, ಕಣಕ್ಕಿಳಿದವನು ಕೈ ಹಿಡಿಯಬೇಕು. ಯಾರು ಇಳಿಯುತ್ತಾರೆ ಎಂದು ಎಲ್ಲರೂ ನೋಡುವಾಗ ಹಾಲೇಶಿ ಹೊಟ್ಟೆಯ ಪಟ್ಟಿ ಬಿಗಿದುಕೊಂಡು ಮೆಲ್ಲಗೆ ಇಳಿದ. ಕೈ ಚಾಚಿದ. ಡಾಕ್ಟರು ತಮ್ಮ ಕೈ ಎತ್ತಿ, ಅರ್ಧದಲ್ಲೇ ನಿಲ್ಲಿಸಿದರು. ‘ಒಂದು ನಿಮಿಷ. ಕೈ ತೊಳೆದು ಬರ್ತೀನಿ’ ಎಂದರು.

ಬಾಗಿಲಿಗೆ ಬಂದರು. ಹೊರಗಿನ ಕಲ್ಲಿನ ಹತ್ತಿರ ಚೊಂಬು ಹಿಡಿದಿದ್ದವಳು ನಾನೇ. ಸೋಪು ಕೊಟ್ಟು ನೀರು ಹಾಕಿದೆ. ತೊಳೆದರು, ಬೆರಳ ಸಂದಿಯೆಲ್ಲ. ‘ಇನ್ನೊಮ್ಮೆ ತೊಳೀರಿ’ ಎಂದೆ. ತಲೆಯೆತ್ತಿ ನನ್ನ ಮುಖ ನೋಡಿ, ಮತ್ತೆ ಸೋಪು ಹಚ್ಚಿಕೊಂಡರು.

ಆಮೇಲೆ ಚೊಂಬು ತುಂಬಿ, ನನ್ನ ಹಿಂದೆ ನಿಂತಿದ್ದವಳ ಕೈಗೆ ಕೊಟ್ಟೆ. ಅವಳನ್ನು ಕರೆತರಲು ನಾನೇ ಲೋಕಿಕೆರೆಗೆ ಹೋಗಿದ್ದೆ. ನಿಜ ಏನೆಂದು ಅವಳ ಅಂಗಳದಲ್ಲಿ ಕೂತು ಹೇಳಿ ಬಂದಿದ್ದೆ.

‘ಈಕೆ ಹನುಮಕ್ಕ. ರುದ್ರಪ್ಪನ ಹೆಂಡ್ತಿ’ ಎಂದೆ.

ಡಾಕ್ಟರ ಕೈ ಸೋಪಿನ ನೊರೆಯಲ್ಲೇ ನಿಂತವು. ಹನುಮಕ್ಕ ಚೊಂಬು ಬಗ್ಗಿಸಿದಳು. ನೊರೆಯೆಲ್ಲ ಹೋಯಿತು, ಕೈ ಸ್ವಚ್ಛವಾಯಿತು. ಅವಳು ಸುರಿಯುತ್ತಲೇ ಇದ್ದಳು. ಚೊಂಬು ಖಾಲಿಯಾಗುವವರೆಗೆ ಅವರು ಕೈ ಹಿಂತೆಗೆಯಲಿಲ್ಲ.